ಊಜಿ ನೊಣದ ಪುಡಿ

ಹದಿನಾರು ಗ್ರಾಮ,
೧೨ ನವೆಂಬರ್ ೧೯೯೭, ಬುಧವಾರ

ಮುದ್ದು ಅರ್ಪಿತಾ,

ಚೆನ್ನಾಗಿದ್ದೀಯಾ? ಮೈಸೂರಿನ ಹಾಸ್ಟೆಲ್ ಊಟ ಈಗಲಾದರೂ ಸೇರುತ್ತಿದೆಯೇ? ಎಣ್ಣೆ ಕಾಣದ ನಿನ್ನ ತಲೆ ನೆನೆದರೆ ಇಲ್ಲಿ ನನ್ನ ಕೈ ತುರಿಸುತ್ತದೆ. ನಿಮ್ಮ ತಾತನಿಗೆ ಮಂಡಿನೋವು, ಬೈಗುಳಕ್ಕೇನೂ ಕಡಿಮೆಯಿಲ್ಲ.

ಓದು ಬಿಡುತ್ತೇನೆ, ಸೋಮವಾರ ಮೇಷ್ಟ್ರಿಗೆ ಬರೆದುಕೊಡುತ್ತೇನೆ ಅಂತ ನೀನು ಬರೆದ ಕಾಗದವನ್ನು ನಿಮ್ಮಪ್ಪ ತೋರಿಸಿದ. ಅಂದಿನಿಂದ ಮಧ್ಯಾಹ್ನವೆಲ್ಲ ಪಡಸಾಲೆಯಲ್ಲಿ ಖಾಲಿ ತಟ್ಟೆಗಳ ಮುಂದೆ ಕೂತಿರುತ್ತೇನೆ. ಗೋಣಿ ಪರದೆಯ ತೂತುಗಳಿಂದ ಬಿಸಿಲು ಬೀಳುತ್ತದೆ, ಕಣ್ಣು ತೂಗುತ್ತದೆ. ತೂಕಡಿಕೆಯಲ್ಲಿ ಎರಡು ಜಡೆಯ ಹುಡುಗಿ ಬಂದು ರೇಷ್ಮೆಹುಳದ ತಟ್ಟೆಗೆ ಕಿವಿಯಿಟ್ಟು, "ಅಜ್ಜೀ, ತಿನ್ನೋ ಸದ್ದು ಕೇಳ್ತದೆ" ಅನ್ನುತ್ತಾಳೆ. ಎಚ್ಚರವಾದರೆ ಸದ್ದೇ ಇಲ್ಲ.

ಊಜಿ ನೊಣಕ್ಕೆಂದು ನೀನು ಕಾಲೇಜಿನಲ್ಲಿ ಮಾಡಿದ ಪುಡಿ ತಂದ ದಿನವೂ ಇಂಥದೇ ಬಿಸಿಲು. ಊಜಿ ನೊಣ ಹುಳದ ಮೈಮೇಲೆ ಮೊಟ್ಟೆಯಿಡುವುದು, ಅದರ ಮರಿ ಹುಳವನ್ನು ಒಳಗಿಂದೊಳಗೇ ತಿಂದು ಮುಗಿಸುವುದು, ಇದನ್ನು ನೋಡಿ ನೋಡಿಯೇ ಮುದುಕಿಯಾದವಳು ನಾನು. ನೀನು ಸಕ್ಕರೆ ನೀರಿಗೆ ಪುಡಿ ಕಲಸಿ ಕಿಟಕಿಗಳಲ್ಲಿಟ್ಟು, "ಇದು ನೊಣಾನ ಸಾಯ್ಸಲ್ಲ ಅಜ್ಜಿ. ಕುಡಿದ ನೊಣ ಮೊಟ್ಟೆ ಇಡ್ತದೆ, ಮರಿ ಆಚೆಗೆ ಬರಲ್ಲ. ಮರಿಗೇ ತಾಗಿದ್ರೂ ಪೊರೆ ಬಿಡಕ್ಕಾಗಲ್ಲ" ಅಂದೆ. ಕೊಲ್ಲದೆ ಗೆಲ್ಲುವ ಔಷಧಿ! ನನಗೆ ಎಷ್ಟು ಹೆಮ್ಮೆಯಾಯಿತೋ.

ಆಮೇಲೆ ಹುಳು ಪೊರೆ ಬಿಡುವ ನಾಲ್ಕನೇ ಜ್ವರ ಬಂತು. ಪೊರೆ ಬಿಡುವ ಮೊದಲು ಹುಳುಗಳು ತಲೆ ಎತ್ತಿ ನಿದ್ದೆ ಹೋಗುತ್ತವಲ್ಲ, ಹಾಗೇ ಹೋದವು. ಎಷ್ಟು ಚೆಂದದ ನಿದ್ದೆ ಅಂದುಕೊಂಡು ಎರಡು ದಿನ ಕಾದೆ. ಪಡಸಾಲೆಯ ಹುಳು ಒಂದೂ ಏಳಲಿಲ್ಲ. ನೀನು ಓಡಿಬಂದು, "ಸೊಪ್ಪಿಗೇನಾದ್ರೂ ಪುಡಿ ಸೋಕಿತಾ ಅಜ್ಜಿ?" ಅಂದೆ. "ಇಲ್ಲ ಕಣವ್ವ" ಅಂದೆ ನಾನು. "ನನ್ನ ಔಷಧೀನೇ ಕೊಂದ್ತು" ಅಂತ ನೀನು ಅಳುತ್ತಾ, ತಟ್ಟೆಗೆ ಬಡಿಸಿದ್ದನ್ನೂ ಬಿಟ್ಟು ಬಸ್ಸು ಹತ್ತಿದೆ.

ಒಳಕೋಣೆಯ ತಟ್ಟೆಗಳಲ್ಲಿದ್ದ ಹುಳುಗಳ ಸುದ್ದಿ ಕೇಳು. ಅಲ್ಲಿಯೂ ನೀನಿಟ್ಟ ಸಕ್ಕರೆ ನೀರೇ ಇತ್ತು, ಅವೇ ನೊಣಗಳು ಬಂದು ಕುಡಿದವು. ಆ ಹುಳುಗಳ ಮೈಮೇಲೆ ಊಜಿ ಮೊಟ್ಟೆಗಳು ರವೆಯಂತೆ ಹಾಗೇ ಒಣಗಿದ್ದವು. ಹುಳುಗಳು ಹಣ್ಣಾಗಿ, ಬಿದಿರಿನ ಚಂದ್ರಿಕೆಯಲ್ಲಿ ಗೂಡು ಕಟ್ಟಿವೆ. ನಿಮ್ಮ ತಾತ ಕನ್ನಡಕ ಏರಿಸಿ ಹುಡುಕಿ, "ಊಜಿ ಮರಿ ತೂತು ಕೊರೆದಿರೋ ಗೂಡು ಒಂದೂ ಇಲ್ವಲ್ಲೇ!" ಅಂದರು.

ನಂಜುಂಡಪ್ಪ ನಿನ್ನನ್ನು ತಣ್ಣಗಿಟ್ಟಿರಲಿ. ವೇಳೆಗೆ ಸರಿಯಾಗಿ ಉಣ್ಣು.

ನಿನ್ನ ಅಜ್ಜಿ,
ಸರ್ವಮಂಗಳಾ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಜ್ವರದಿಂದ ಎದ್ದ ಹುಳಕ್ಕೆ ಮೊದಲ ಸೊಪ್ಪು ಹಾಕುವಾಗ ಮೇಲೆ ವಿಭೂತಿ ಉದುರಿಸುವುದು ನಮ್ಮ ಮನೆಯ ಪದ್ಧತಿ ತಾನೇ? ಮೂರನೇ ಜ್ವರ ಎದ್ದ ದಿನ ನಿನ್ನ ಪುಡಿಯನ್ನೂ ವಿಭೂತಿಗೆ ಬೆರೆಸಿದೆ, ಮೊಮ್ಮಗಳ ಔಷಧಿ ಹುಳಕ್ಕೂ ರಕ್ಷೆಯಾಗಲಿ ಅಂತ. ಅದನ್ನು ತಿಂದ ಪಡಸಾಲೆಯ ಹುಳುಗಳು ನೊಣದ ಮರಿಯಂತೆಯೇ ಪೊರೆ ಬಿಡಲಾಗದೆ ಸತ್ತವು. ಒಳಕೋಣೆಗೆ ಹೋಗುವಷ್ಟರಲ್ಲಿ ಬಟ್ಟಲು ಬರಿದಾಗಿತ್ತು, ಅವು ಬದುಕಿದವು. ನೀನು ಕೇಳಿದಾಗ ತಾತ ಎದುರಿಗಿದ್ದರು, ಬೈಗುಳಕ್ಕೆ ಹೆದರಿ ಸುಳ್ಳು ಹೇಳಿಬಿಟ್ಟೆ. ಕೊಂದವಳು ನಾನು ಕಣವ್ವ, ನಿನ್ನ ಔಷಧಿಯಲ್ಲ. ಸೋಮವಾರ ಈ ಕಾಗದವನ್ನೇ ಮೇಷ್ಟ್ರ ಕೈಗೆ ಕೊಡು. ಅರ್ಧ ಪೊಟ್ಟಣ ಪುಡಿ ಉಳಿದಿದೆ. ನಾನು ಮುಟ್ಟುವುದಿಲ್ಲ, ನೀನೇ ಬಂದು ಕಲಸು.