ರುದ್ರಮುನಿ ಕಾಕಾನ ಬಿಲ್ಲು

೧೪ ನವೆಂಬರ್ ೨೦೦೬, ಮಂಗಳವಾರ, ಹಾವೇರಿ

ಕಾಕಾನ ಮುಖ ಕಣ್ಣ ಮುಂದಿನಿಂದ ಸರಿಯುತ್ತಿಲ್ಲ.

ಬೆಳಿಗ್ಗೆ ಮೋಟೆಬೆನ್ನೂರಿನ ಬಳಿ ತೆರಿಗೆ ಇಲಾಖೆಯ ತಪಾಸಣೆಗೆ ನಿಂತಿದ್ದಾಗ ಕಬ್ಬಿಣದ ಸರಳಿನ ಲಾರಿಯೊಂದನ್ನು ತಡೆದೆ. ಚಾಲಕ ಕೊಟ್ಟದ್ದು ನಿನ್ನೆ ನಾನೇ ನೋಡಿ ಸಹಿ ಹಾಕಿದ್ದ ಬಿಲ್ಲು. ಸಹಿಯನ್ನು ಉಜ್ಜಿ ಅಳಿಸಿದ್ದರು. ಅದೇ ಬಿಲ್ಲಿನ ಮೇಲೆ, ತೆರಿಗೆ ಕಟ್ಟದೆ, ಎರಡನೆಯ ಲೋಡು. ಮಾಲು ರಾಣೆಬೆನ್ನೂರಿನ ರುದ್ರಮುನಿ ಕಾಕಾನದು. ಅಪ್ಪನ ಗೆಳೆಯರು. ಅಪ್ಪ ಕೆಲವು ವರ್ಷ ಹಾಸಿಗೆ ಹಿಡಿದಿದ್ದಾಗ ನನ್ನನ್ನು ಕಾಲೇಜು ಓದಿಸಿದವರು.

ಸುದ್ದಿ ತಿಳಿದು ತಾವೇ ಬಂದರು. "ಸುಧಾ, ಇದೊಂದು ಸಲ ಬಿಡವಾ. ಎಲ್ಲಾರೂ ಹಿಂಗ ಮಾಡ್ತಾರ. ನಾ ಒಬ್ಬನ ಖರೇ ನಡದ್ರ ಅಂಗಡಿ ಮುಚ್ಚಬೇಕಾಗ್ತದ."

ಅವರ ಮಾತು ಪೂರ್ತಿ ಸುಳ್ಳಲ್ಲ. ಆದರೆ ಬ್ಯಾಡಗಿಯಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಫಕ್ಕೀರವ್ವ ನೆನಪಾದಳು. ಹೋದ ತಿಂಗಳು ಬಿಲ್ಲಿಲ್ಲದ ಮಾಲಿಗೆ ನಾನು ದಂಡ ಹಾಕಿದಾಗ ಕೇಳಿದ್ದಳು: "ದೊಡ್ಡವರನ್ನೂ ಹಿಂಗ ಹಿಡೀತೀರೇನ್ರಿ ಬಾಯಾರ?" ಹೌದು ಎಂದಿದ್ದೆ. ಅಂದು ನನ್ನ ಮಾತಿನಲ್ಲಿ ನನಗೇ ನಂಬಿಕೆಯಿರಲಿಲ್ಲ.

"ಕಾಕಾ, ನಿಮ್ಮ ಮ್ಯಾಲೂ ಬರೀಬೇಕ್ರಿ" ಎಂದೆ. ದಂಡದ ನೋಟೀಸು ಬರೆದು ಅವರ ಮುಂದಿಟ್ಟೆ.

ಅವರು ನೋಟೀಸು ಓದಿ ಸಹಿ ಹಾಕಿದರು. "ನಿನ್ನ ಓದಿಸಿದ್ದನ್ನ ನಾ ಎತ್ತಿ ಆಡೂದಿಲ್ಲ, ಸುಧಾ" ಎಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಅವರು ಒಂದೇ ಮಾತು ಕೇಳಿದರು.

"ಸಹಿ ಅಳಿಸಿದ್ದು ಖರೇ ಏನು?"

"ಖರೇ ಅಪ್ಪಾ."

"ಹಂಗಾರ ನೀ ಮಾಡಿದ್ದು ಸರಿ ಐತಿ. ನಾಳೆ ಅವನ ಮನೀಗೆ ನಾ ಹೋಗಿ ಬರ್ತೇನಿ. ನೀ ಬರಬ್ಯಾಡ."

ಆದರೂ ನಾನು ಹೋಗಬೇಕು. ಅಧಿಕಾರಿಯಾಗಿ ಅಲ್ಲ, ಅವರು ಓದಿಸಿದ ಹುಡುಗಿಯಾಗಿ. ಕಾಕಾ ಬಾಗಿಲು ತೆರೆದರೆ ಏನು ಹೇಳಬೇಕೆಂದು ಮಾತ್ರ ಇನ್ನೂ ಗೊತ್ತಿಲ್ಲ.