‘ಉಳಿಕೆ ಕ್ಲೋರಿನ್: ಇಲ್ಲ’ ಎಂಬುದರ ಅರ್ಥ

ನೀರು ಪರೀಕ್ಷಾ ಪ್ರಯೋಗಾಲಯದ ಮಾನ್ಯ ಮುಖ್ಯಾಧಿಕಾರಿಗಳೇ,

ತಮ್ಮ ವರದಿಯನ್ನು ಓದಿದೆ. ನನಗೆ ಎಲ್ಲವೂ ಅರ್ಥವಾಯಿತು. ಅದೇ ನನ್ನ ದೂರು.

ನಾನು ಉಡುಪಿಯಿಂದ ಬಂದು ಮುಂಬಯಿ ಬಳಿಯ ಠಾಕುರ್ಲಿಯಲ್ಲಿ ನೆಲೆಸಿದವನು. ಇಲ್ಲಿಯ ಕನ್ನಡ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದ್ದೇನೆ. ಹೈಡ್ರೋಜನ್ ನೀರನ್ನು ಹುಟ್ಟಿಸುವುದರಿಂದ ಅದು ಜಲಜನಕ ಎಂದು ಬೋರ್ಡಿನ ಮೇಲೆ ಬರೆದು ಬರೆದು ಬಲಭುಜ ಸವೆದಿದೆ. ನಿವೃತ್ತನಾದ ಮೇಲೂ ನಾನಿರುವ ಕಟ್ಟಡದ ಸೊಸೈಟಿಯಲ್ಲಿ ಯಾರಿಗಾದರೂ ಹೊಟ್ಟೆಯುಬ್ಬರಿಸಿದರೆ ಒಳಗಿರುವ ಅನಿಲ ಯಾವುದೆಂದು ವಿವರಿಸುತ್ತೇನೆ. ಅವರು ಕೇಳಿರಲೇಬೇಕೆಂದಿಲ್ಲ.

ಕಳೆದ ಜೂನ್‌ನಲ್ಲಿ ನಮ್ಮ ನಲ್ಲಿಯ ನೀರಿನಿಂದ ಒಂಥರಾ ವಾಸನೆ ಬರತೊಡಗಿತು. ಸೊಸೈಟಿಯವರು ಒಂದು ಬಾಟಲಿ ನೀರನ್ನು ತಮ್ಮಲ್ಲಿಗೆ ಕಳಿಸಿದರು. ವರದಿ ಬಂದ ಭಾನುವಾರ ಎಲ್ಲರೂ ಕಾಂಪೌಂಡಿನಲ್ಲಿ ಸೇರಿ, ಓದಲು ನನ್ನ ಕೈಗೇ ಕೊಟ್ಟರು. ಪಿ.ಎಚ್. ಏಳು ಎಂದಿತ್ತು. ನಾನು ಬಿಡುತ್ತೇನೆಯೇ? ಎಚ್ ಎಂದರೆ ಜಲಜನಕ, ಏಳು ಎಂದರೆ ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ ಎಂದು ಇಪ್ಪತ್ತು ನಿಮಿಷ ಮಾತಾಡಿದೆ. ಮುಂದೆ, ‘ಸೀಸ: ಇಲ್ಲ. ಆರ್ಸೆನಿಕ್: ಇಲ್ಲ. ಉಳಿಕೆ ಕ್ಲೋರಿನ್: ಇಲ್ಲ.’ ಒಂದೊಂದು ‘ಇಲ್ಲ’ಕ್ಕೂ ನನ್ನ ದನಿ ಏರುತ್ತಾ ಹೋಯಿತು. ಕ್ಲೋರಿನ್ ವಿಷಾನಿಲವೆಂದು ಪಾಠ ಮಾಡಿದವನಿಗೆ ಅದು ನೀರಿನಲ್ಲಿ ಇಲ್ಲವೆಂಬುದಕ್ಕಿಂತ ಶುಭವಾರ್ತೆ ಯಾವುದು? ಜೀವಾಣು ಪರೀಕ್ಷೆಯ ಫಲಿತಾಂಶವನ್ನು ಪ್ರತ್ಯೇಕವಾಗಿ ಕಳಿಸಲಾಗುವುದು ಎಂದು ಕೊನೆಯಲ್ಲಿ ಸಣ್ಣಕ್ಷರದಲ್ಲಿತ್ತು. ಅದರಲ್ಲಿ ಜಲಜನಕದ ಮಾತಿಲ್ಲದ್ದರಿಂದ ನಾನು ಅದಕ್ಕೆ ಕಾಯಲಿಲ್ಲ.

ಮೂರನೇ ಮಹಡಿಯ ಜಯಲತಾ ಕೇಳಿದರು: “ಹಾಗಾದ್ರೆ ಇನ್ನು ನೀರು ಕುದಿಸುದು ಬೇಡವಾ ಮಾಷ್ಟ್ರೇ?”

“ಬೇಡವೇ ಬೇಡ. ಇದು ಬಟ್ಟಿ ಇಳಿಸಿದ ನೀರಿಗೆ ಸಮ,” ಎಂದೆ. ಚಪ್ಪಾಳೆಯೂ ಬಿತ್ತು.

ಮುಂದಿನ ತಿಂಗಳು ಅವರ ಮಗಳು ಅನುಷ್ಕಾಳಿಗೆ ಕಾಮಾಲೆಯಾಯಿತು. ಬಿ.ಎಸ್ಸಿ. ಓದುವ ಹುಡುಗಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ನಾನು ನೋಡಲು ಹೋದಾಗ ಅವಳ ಕಣ್ಣು ಅರಸಿನದ ಬಣ್ಣಕ್ಕೆ ತಿರುಗಿತ್ತು. ಸೊಸೈಟಿಯ ಗ್ರೂಪಿಗೆ ನಾನೇ ಹೆಮ್ಮೆಯಿಂದ ಹಾಕಿದ್ದ ವರದಿಯ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿ ಮೆಲ್ಲಗೆ ಹೇಳಿದಳು: “ಅಂಕಲ್, ಕ್ಲೋರಿನ್ ನಿಲ್ ಹೈ. ಮತ್ಲಬ್ ಜರ್ಮ್ಸ್ ಕೋ ಮಾರ್ನೇವಾಲಾ ಕುಛ್ ಬಚಾ ಹೀ ನಹೀಂ.”

ನೀರು ಮನೆ ತಲುಪುವವರೆಗೆ ಕ್ರಿಮಿಗಳನ್ನು ಕೊಲ್ಲಲೆಂದು ಚೂರು ಕ್ಲೋರಿನ್ ಉಳಿದಿರಲೇಬೇಕಂತೆ. ಅದು ‘ಇಲ್ಲ’ ಎಂದರೆ ಅಪಾಯವಂತೆ. ಆಮೇಲೆ ಪ್ಲಂಬರನನ್ನು ಕರೆಸಿ ನೋಡಿದರೆ, ನೆಲದಡಿಯ ನೀರಿನ ಟಾಕಿ ಬಿರುಕು ಬಿಟ್ಟು ಗಟಾರದ ನೀರು ಒಳಗೆ ಜಿನುಗುತ್ತಿತ್ತು.

ಅಂದು ಆಸ್ಪತ್ರೆಯಲ್ಲಿ ಹಾಸಿಗೆಯ ಪಕ್ಕದಲ್ಲಿದ್ದ ಜಯಲತಾ ಬೈಯಲಿಲ್ಲ. “ನೀವು ಹೇಳಿದ್ದಕ್ಕೇ ನಾನು ಕುದಿಸುದು ಬಿಟ್ಟದ್ದು ಮಾಷ್ಟ್ರೇ,” ಎಂದಷ್ಟೇ ಹೇಳಿ ಮಗಳ ಹೊದಿಕೆ ಸರಿಮಾಡಿದರು. ಬೈದಿದ್ದರೆ ನಾನು ಎರಡು ಮಾತು ವಾದಿಸಬಹುದಿತ್ತು.

ಮರುದಿನ ಬೇಲಾಪುರದ ತಮ್ಮ ಕಚೇರಿಗೆ ಬಂದೆ. ಗುಮಾಸ್ತರು ವರದಿಯನ್ನು ತಿರುಗಿಸಿ ಮುರುಗಿಸಿ ನೋಡಿ, “ಕಾಕಾ, ರಿಪೋರ್ಟ್ ಬರೋಬರ್ ಆಹೆ. ತುಮ್ಹೀ ಚುಕೀಚಾ ವಾಚ್ಲಾ,” ಎಂದರು. ವರದಿ ಸರಿಯಿದೆ, ತಪ್ಪಾಗಿ ಓದಿದವನು ನಾನು. ಒಪ್ಪಿದೆ, ಸ್ವಾಮಿ. ಆದರೆ ಸೀಸಕ್ಕೂ ‘ಇಲ್ಲ’, ಕ್ಲೋರಿನ್‌ಗೂ ‘ಇಲ್ಲ’. ಒಂದು ‘ಇಲ್ಲ’ ಕ್ಷೇಮಸಮಾಚಾರ, ಇನ್ನೊಂದು ‘ಇಲ್ಲ’ ಎಚ್ಚರಿಕೆ ಎಂದು ನೀರು ಕುಡಿಯುವವನಿಗೆ ತಿಳಿಸುವವರು ಯಾರು? ತಿಳಿದವರೇ ತಿಳಿದವರಿಗಾಗಿ ಬರೆಯುವುದಾದರೆ ಅದನ್ನು ನಮ್ಮ ಸೊಸೈಟಿಗೆ ಕಳಿಸುವುದೇಕೆ?

ಅನುಷ್ಕಾ ಈಗ ಮನೆಗೆ ಬಂದಿದ್ದಾಳೆ, ಗಂಜಿ ಉಣ್ಣುತ್ತಿದ್ದಾಳೆ. ನಾನು ಐದೂ ಮಹಡಿ ಹತ್ತಿ, ಒಂದೊಂದೇ ಬಾಗಿಲು ತಟ್ಟಿ, “ಕುದಿಸಿ ಕುಡಿಯಿರಿ, ನಾನು ಹೇಳಿದ್ದು ತಪ್ಪು,” ಎಂದು ಹೇಳಿ ಬಂದೆ. ಮೂವತ್ತೊಂದು ವರ್ಷದಲ್ಲಿ ನಾನು ಮಾಡಿದ ಅತಿ ಚಿಕ್ಕ ಪಾಠವದು. ಎಲ್ಲರಿಗೂ ಅರ್ಥವಾಯಿತು.

ತಾವೂ ಅಷ್ಟೇ ಮಾಡಬೇಕು. ಪ್ರತಿ ವರದಿಯ ತಲೆಯ ಮೇಲೆ, ದಪ್ಪಕ್ಷರದಲ್ಲಿ, ಇಲ್ಲಿಯ ಜನ ಓದುವ ಭಾಷೆಗಳಲ್ಲಿ, ನೀರನ್ನು ಹಾಗೆಯೇ ಕುಡಿಯಬಹುದೋ ಕುದಿಸಬೇಕೋ ಎಂದು ಒಂದು ಸಾಲು ಬರೆಯಿರಿ. ಮುಂದಿನ ವರದಿಯನ್ನು ಅನುಷ್ಕಾಳೇ ಓದಬೇಕೆಂದು ನಮ್ಮ ಸೊಸೈಟಿ ಠರಾವು ಮಾಡಿದೆ, ಅನುಮೋದಿಸಿದವನು ನಾನೇ. ಆದರೆ ಎಲ್ಲ ಸೊಸೈಟಿಗಳಲ್ಲೂ ಒಬ್ಬ ಅನುಷ್ಕಾ ಇರುವುದಿಲ್ಲ. ಮಾಷ್ಟ್ರು ಮಾತ್ರ ಇದ್ದೇ ಇರುತ್ತಾರೆ.

ಇಂತಿ, ಕುದಿಸಿ ಆರಿಸಿದ ನೀರು ಕುಡಿಯುತ್ತಿರುವ
ಪುಂಡರೀಕಾಕ್ಷ ರಾವ್
ನಿವೃತ್ತ ವಿಜ್ಞಾನ ಶಿಕ್ಷಕ (ನಿವೃತ್ತಿ ಸ್ವಲ್ಪ ತಡವಾಯಿತು)