ಎತ್ತಪ್ಪನ ಗುಡ್ಡದ ಕಾಲುದಾರಿಗೆ ಬೇಲಿ ಹಾಕಿಸಿದ ಅರಣ್ಯಾಧಿಕಾರಿಗಳಿಗೆ

ಯಲ್ಲದಕೆರೆ, ಹಿರಿಯೂರು ತಾಲ್ಲೂಕು
ಮೇ ತಿಂಗಳು, ೧೯೧೨ನೇ ಇಸವಿ

ಮಾನ್ಯರೇ,

ತಮ್ಮ ಕಾಲು ಒಂದು ಸಲ ಜಾರಿತೆಂದು ನಮ್ಮೂರಿನ ಗುಡ್ಡವನ್ನೇ ಮುಚ್ಚಿಸಿದ್ದೀರಿ. ಜಾರಿದ್ದು ತಮ್ಮ ಬೂಟು, ಶಿಕ್ಷೆಯಾದದ್ದು ಕಾಲುದಾರಿಗೆ, ಅದನ್ನು ಅನುಭವಿಸುತ್ತಿರುವವರು ಕುರಿ ಕಾಯುವವರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಇಂಥ ನ್ಯಾಯವನ್ನು ಯಾವ ಪುಸ್ತಕದಲ್ಲಿಯೂ ಓದಿದ ನೆನಪಿಲ್ಲ.

ಗುಡ್ಡದ ಬುಡದಲ್ಲಿ ಮುಳ್ಳುಬೇಲಿ ಹಾಕಿಸಿ ಒಂದು ಹಲಗೆಯನ್ನೂ ತಗುಲಿಸಿದ್ದೀರಿ: “ದಾರಿಯು ಬಹಳ ಕಡಿದಾಗಿರುವುದರಿಂದ ಪ್ರಜೆಗಳ ಕ್ಷೇಮಾರ್ಥವಾಗಿ ರಹದಾರಿಯಿಲ್ಲದೆ ಯಾರೂ ಹತ್ತಕೂಡದು.” ದಾರಿ ಕಡಿದೆಂಬುದು ತಮಗೆ ತಿಳಿದದ್ದು ಹೋದ ಮಾಗಿಯಲ್ಲಿ. ತಮ್ಮನ್ನು ಕರೆದೊಯ್ದವನು ನಾನೇ. ನಮ್ಮೂರಿನ ಚೆಲುವನ್ನು ದೊಡ್ಡವರಿಗೆ ತೋರಿಸಬೇಕೆಂಬ ಚಪಲ, ಏನು ಮಾಡುವುದು! ಕಗ್ಗಲಿ ಮುಳ್ಳಿನ ನಡುವೆ ಗಾರ್ಡ್ ಅಂಜನಪ್ಪನ ಹೆಗಲು ಹಿಡಿದು, ಹತ್ತು ಹೆಜ್ಜೆಗೊಮ್ಮೆ ಕುಳಿತು, ನೀರು ಕುಡಿದು, ಅಂತೂ ತುದಿ ಸೇರಿದಿರಿ. ಹೊಸದುರ್ಗದ ಕಡೆಯ ಗುಡ್ಡಸಾಲು ನೋಡಿ “ರಮಣೀಯ, ರಮಣೀಯ” ಎಂದು ಎರಡು ಸಲ ಅಂದಿರಿ. ಇಳಿಯುವಾಗ ಹಾಸುಗಲ್ಲಿನ ಮೇಲೆ ಬೂಟು ಜಾರಿ ಕುಂಡೆಯೂರಿ ಕುಳಿತವರು ಏಳಲಿಲ್ಲ, ಕಾಲು ಉಳುಕಿತ್ತು. ಕುರಿಹಟ್ಟಿಯ ಗಂಗಕ್ಕ ತನ್ನ ಕಂಬಳಿ ಕೊಟ್ಟಳು. ನಾಲ್ವರು ಕುರಿಗಾಹಿಗಳು ಅದರಲ್ಲಿ ತಮ್ಮನ್ನು ಮಲಗಿಸಿ, ಅದೇ ಕಡಿದಾದ ದಾರಿಯಲ್ಲಿ, ಬರಿಗಾಲಿನಲ್ಲಿ, ಒಂದು ಬಾರಿಯೂ ಎಡವದೆ ಕೆಳಗಿಳಿಸಿದರು. ತಮ್ಮಂಥ ಭಾರವಾದ ಅಧಿಕಾರಿಗಳನ್ನು ಹೊತ್ತು ಇಳಿಯಬಲ್ಲವರಿಗೆ ಬರಿಗೈಯಲ್ಲಿ ಹತ್ತುವುದು ಅಪಾಯವೆಂದು ತಾವು ಹೇಗೆ ಕಂಡುಕೊಂಡಿರಿ? ಗಂಗಕ್ಕನಂತೂ ತುಂಬು ಬಸುರಿಯಾಗಿದ್ದಾಗಲೂ ಆ ಕಲ್ಲು ಹತ್ತಿ ಇಳಿದವಳು.

ಅವರು ಅಲ್ಲಿಗೆ ಗಾಳಿ ಸೇವನೆಗೆ ಹೋಗುವುದಿಲ್ಲ ಸ್ವಾಮಿ. ನಮ್ಮ ಸೀಮೆಯ ಮೊದಲ ಮಳೆ ಒಂದೂರಿಗೆ ಬಿದ್ದರೆ ಪಕ್ಕದೂರಿಗೆ ಬೀಳುವುದಿಲ್ಲ. ಬೇಸಿಗೆಯ ಕೊನೆಯಲ್ಲಿ ಮೋಡ ಕಟ್ಟಿದ ಸಂಜೆ, ಹಟ್ಟಿಯಲ್ಲಿ ಕಣ್ಣು ಚುರುಕಾಗಿರುವ ಒಬ್ಬರು ಗುಡ್ಡ ಹತ್ತಿ ಮಳೆ ಎಲ್ಲಿ ಸುರಿಯಿತೆಂದು ನೋಡುತ್ತಾರೆ. ಮಳೆಯಾದಲ್ಲಿ ವಾರದೊಳಗೆ ಹುಲ್ಲು ಚಿಗುರುತ್ತದೆ. ಬೆಳಗಾಗುತ್ತಲೇ ಮಂದೆ ಅತ್ತ ಹೊರಡುತ್ತದೆ. ಇಪ್ಪತ್ತು ವರ್ಷದಿಂದ ಈ ಕೆಲಸ ಗಂಗಕ್ಕನದು. ಆಕೆ ಹೇಳಿದ ದಿಕ್ಕು ತಪ್ಪಾದದ್ದನ್ನು ನಾನು ಕೇಳಿಲ್ಲ.

ಮೂರು ವಾರದ ಹಿಂದೆ ಮೋಡ ಕಟ್ಟಿತು. ಬೇಲಿಯ ಹತ್ತಿರ ನಾನೂ ಇದ್ದೆ.

“ಚೀಟಿ ಐತೇನಕ್ಕ?” ಎಂದ ಅಂಜನಪ್ಪ.

“ನೋಡಾಕೆ ಎಂಥ ಚೀಟಿ? ಒಂದ್ ಗಳಿಗೆ ಬಿಡಪ್ಪ, ನೋಡ್ಕಂಡು ಇಳಿದು ಬತ್ತೀನಿ.”

“ನನ್ ಕೆಲ್ಸ ಹೋಗ್ತೈತೆ ಕಣಕ್ಕ. ಸಾಹೇಬ್ರು ನಿಮ್ ಒಳ್ಳೇದಕ್ಕೇ ಬೇಲಿ ಹಾಕ್ಸಿರೋದು.”

“ಹಂಗಾರೆ ಅವರನ್ನ ಕಂಬಳೀಲಿ ಹೊತ್ತು ತಂದಿದ್ದು ಯಾರ ಒಳ್ಳೇದಕ್ಕೆ? ಕೇಳು ನಿಮ್ ಸಾಹೇಬ್ರನ್ನ.”

ಅವನು ಬೇಲಿ ತೆಗೆಯಲಿಲ್ಲ. ಅವನದೇನು ತಪ್ಪು, ಹೊಟ್ಟೆಪಾಡು.

ನಾನು ಗಂಗಕ್ಕನ ಹೆಸರಿನಲ್ಲಿ ರಹದಾರಿ ತರಲು ಹೊರಟೆ. ತಮ್ಮ ಕಛೇರಿಗೆ ಗಾಡಿಯಲ್ಲಿ ಹೋಗಿಬರಲು ನಾಲ್ಕು ದಿನ. ಮಳೆ ಅಷ್ಟು ದಿನ ಆಕಾಶದಲ್ಲಿ ಕೈಕಟ್ಟಿ ನಿಂತಿರಬೇಕೆಂದು ತಾವು ಅದಕ್ಕೂ ಒಂದು ಹುಕುಂ ಕಳಿಸಿದ್ದರೆ ಅನುಕೂಲವಾಗುತ್ತಿತ್ತು. ಗುಮಾಸ್ತರು ಹತ್ತುವ ಉದ್ದೇಶ ಕೇಳಿದರು. ಮಳೆ ನೋಡಲು ಎಂದೆ. ಅಂಥ ಉದ್ದೇಶ ಪಟ್ಟಿಯಲ್ಲಿಲ್ಲವಂತೆ. ಇರುವುದು ಬೇಟೆ, ಪೂಜೆ, ಪ್ರಕೃತಿ ಸೌಂದರ್ಯ ವೀಕ್ಷಣೆ. ಕೊನೆಯದನ್ನೇ ಬರೆದುಕೊಳ್ಳಿ ಎಂದೆ. ಅವರು ನಕ್ಕು, “ಕುರಿ ಕಾಯೋ ಹೆಂಗಸಿಗೆ ಎಂಥ ಸೌಂದರ್ಯ ಮೇಷ್ಟ್ರೇ!” ಎಂದು ಪುಸ್ತಕ ಮುಚ್ಚಿದರು.

ನಾನು ಬರಿಗೈಯಲ್ಲಿ ಹಿಂತಿರುಗುವಷ್ಟರಲ್ಲಿ ಹಟ್ಟಿಯವರು ಅಂದಾಜಿನ ಮೇಲೆ ಆದಿವಾಲದ ಕಡೆ ಹೊರಟುಹೋಗಿದ್ದರು. ಮಳೆ ಬಿದ್ದದ್ದು ಹೊಸದುರ್ಗದ ಕಡೆ. ಮೂರು ದಿನ ನಡೆದರೂ ಕಂಡದ್ದು ಒಣನೆಲ. ತಾಯಿಕುರಿಗಳ ಹಾಲು ಬತ್ತಿ ಹನ್ನೊಂದು ಮರಿಗಳು ದಾರಿಯಲ್ಲೇ ಸತ್ತವು. ಗಂಗಕ್ಕ ವಾಪಸು ಬಂದಾಗ ಕೊನೆಯ ಮರಿ ಅವಳ ಮಡಿಲಿನಲ್ಲೇ ಇತ್ತು. ಬಿಸಾಡಲು ಮನಸ್ಸು ಬಂದಿರಲಿಲ್ಲ. “ಕಣ್ಣು ಸರಿಯಾಗೇ ಅವೆ ಮೇಷ್ಟ್ರೇ,” ಎಂದಳು, “ನೋಡಾಕೆ ಬಿಡ್ಲಿಲ್ಲ.” ನನಗೆ ಅವಳ ಮುಖ ನೋಡಲಾಗಲಿಲ್ಲ.

ಈ ನಡುವೆ ತಾವು ಗುಡ್ಡದ ತುದಿಯಲ್ಲಿ ಅತಿಥಿಗಳಿಗಾಗಿ ಕಲ್ಲುಬೆಂಚು ಹಾಕಿಸುತ್ತಿರುವಿರೆಂದು ಕೇಳಿದೆ. ಬಹಳ ಸಂತೋಷ. ಬಂದವರು ಕುಳಿತು ನೋಡಲಿ, ಬೇಕಾದರೆ ಮೂರು ಸಲ ರಮಣೀಯ ಎನ್ನಲಿ. ನಮ್ಮ ತಕರಾರು ಬೆಂಚಿನ ಮೇಲಲ್ಲ.

ನಿನ್ನೆಯಿಂದ ಮತ್ತೆ ಮೋಡ ಕಟ್ಟುತ್ತಿದೆ. ಉಳಿದ ಮರಿಗಳು ಇನ್ನೊಂದು ತಪ್ಪು ದಾರಿ ನಡೆದರೆ ಬದುಕುವುದಿಲ್ಲ. ಆದ್ದರಿಂದ ಬರುವ ಸೋಮವಾರದೊಳಗೆ ಬೇಲಿ ಕೀಳಿಸಬೇಕು; ಕುರಿಗಾಹಿಗಳಿಗೆ ಯಾವ ರಹದಾರಿಯನ್ನೂ ಕೇಳಕೂಡದು. ಕೀಳಿಸದಿದ್ದರೆ ಅಂದು ಸಂಜೆ ಗಂಗಕ್ಕ ಬೇಲಿ ದಾಟಿ ಹತ್ತುತ್ತಾಳೆ, ಅವಳ ಹಿಂದೆ ನಾನು. ದಯವಿಟ್ಟು ಗಾರ್ಡನ್ನು ಕಳಿಸಿ. ನನಗೆ ಅರವತ್ತೇಳು ವರ್ಷ, ಉಬ್ಬಸ ಬೇರೆ. ಹಿಡಿಯಲು ಬಂದವನಿಗೆ ಮೊದಲು ಸಿಗುವವನು ನಾನೇ. ಅವನು ನನ್ನ ಹೆಸರು, ತಂದೆಯ ಹೆಸರು, ಊರು ಎಲ್ಲ ಬರೆದುಕೊಳ್ಳಲಿ. ನಾನು ನಿಧಾನವಾಗಿ ಹೇಳುತ್ತೇನೆ. ಅಷ್ಟರಲ್ಲಿ ಅವಳು ತುದಿ ಮುಟ್ಟಿರುತ್ತಾಳೆ.

ಇಂತಿ,
ಸೋಮವಾರದವರೆಗೆ ಮಾತ್ರ ತಮ್ಮ ವಿಧೇಯ,
ಜಂಬಣ್ಣ, ನಿವೃತ್ತ ಉಪಾಧ್ಯಾಯ